ಆಫೆನ್‌ಬಾಖ್ ಹಸ್ತಪ್ರತೀಲಿ ಅರ್ಧಕ್ಕರ್ಧ ಸಾಲು ಖಾಲಿ, ಮುಗಿಸದೇ ಬಿಟ್ಟಿದ್ದಾ?

ಪಿಟೀಲು_ಪ್ರಾಕ್ಟೀಸ್:
ಎಲ್ರಿಗೂ ನಮಸ್ಕಾರ. 19ನೇ ಶತಮಾನದ ಪ್ಯಾರಿಸ್ ಸಂಗೀತಗಾರ ಆಫೆನ್‌ಬಾಖ್‌ನ ಒಂದು ಕಾಮಿಕ್ ಒಪೆರಾ (ಹಾಡಿನ ನಾಟಕ) ಕೈಬರಹದ ಸ್ಕ್ಯಾನ್ ಸಿಕ್ತು, ಎರಡು ದಿನದಿಂದ ಅದನ್ನೇ ಜೂಮ್ ಮಾಡ್ಕೊಂಡು ಕೂತಿದೀನಿ. ಪುಟದ ಮಧ್ಯದಲ್ಲಿ ಹಾಡೋರ ಸಾಲು ಸಾಹಿತ್ಯ ಸಮೇತ ಪೂರ್ತಿ ಇದೆ, ಕೆಳಗೆ ಪಿಯಾನೋಗೆ ಅನ್ನೋ ಹಾಗೆ ಎರಡು ಸಾಲು ಅರ್ಜೆಂಟಲ್ಲಿ ಗೀಚಿದಾನೆ, ಮೇಲ್ಗಡೆ ಕೊಳಲು, ಕ್ಲಾರಿನೆಟ್, ಹಾರ್ನ್ ಅಂತ ಹೆಸರಿದೆ ಆದ್ರೆ ಮುಂದೆ ಬರೀ ಗೆರೆ. ಕೆಲವು ಪುಟಕ್ಕೆ ನೀಲಿ ಪೆನ್ಸಿಲಲ್ಲಿ ಅಡ್ಡಡ್ಡ ಹೊಡೆದಿದೆ, ಒಂದ್ಕಡೆ ಕಾಗದದ ಚೀಟಿ ಬೇರೆ ಅಂಟಿಸಿದೆ. ಪಾತ್ರಗಳು ಮಾತಾಡೋದಂತೂ ಎಲ್ಲೂ ಇಲ್ಲ. ಪುಟ ಏನಾದ್ರೂ ಕಳ್ದೋಗಿದ್ಯಾ?

ಹಳೇಸ್ಕೋರ್:
ಕಳ್ದಿರಲಿಕ್ಕಿಲ್ಲ, ಅವನು ಕೆಲಸ ಮಾಡ್ತಿದ್ದಿದ್ದೇ ಹಾಗೆ. ಮೊದಲು ಹಾಡಿನ ಸಾಲು, ಅದರ ಕೆಳಗೆ ರಿಹರ್ಸಲ್‌ಗೆ ಸಾಕಾಗೋಷ್ಟು ಪಿಯಾನೋ. ಗಾಯಕರು ಅದನ್ನ ಇಟ್ಕೊಂಡು ಪ್ರಾಕ್ಟೀಸ್ ಮಾಡ್ತಿದ್ರು, ಯಾವ ಹಾಡು ನಿಲ್ಲುತ್ತೆ ಯಾವುದು ಬಿದ್ದೋಗುತ್ತೆ ಅಂತ ಗೊತ್ತಾದ್ಮೇಲೆ ಆರ್ಕೆಸ್ಟ್ರಾ ತುಂಬ್ತಿದ್ದ. ಬಿದ್ದೋಗೋ ಹಾಡಿಗೆ ಇಪ್ಪತ್ತು ವಾದ್ಯಕ್ಕೆ ಬರ್ಕೊಂಡು ಕೂರೋಕೆ ಅವನಿಗೇನು ಹುಚ್ಚಾ? ಹಾಗಾಗಿ ನೀವು ನೋಡ್ತಿರೋ ಪುಟ ರಿಹರ್ಸಲ್ ಹಂತದಲ್ಲೇ ನಿಂತಿದ್ದಿರಬಹುದು.
ಇದರ ದೊಡ್ಡ ಉದಾಹರಣೆ ಅವನದೇ ಒಪೆರಾ 'ಟೇಲ್ಸ್ ಆಫ್ ಹಾಫ್‌ಮನ್'. 1880ರ ಅಕ್ಟೋಬರಲ್ಲಿ ಅವನು ತೀರ್ಕೊಂಡಾಗ ಅದರ ಆರ್ಕೆಸ್ಟ್ರಾ ಕೆಲಸ ಬಾಕಿ ಇತ್ತು, ಎರ್ನೆಸ್ಟ್ ಗಿರೋ ಅನ್ನೋರು ತುಂಬಿಸಿಕೊಟ್ರು, 1881ರ ಫೆಬ್ರವರಿ 10ಕ್ಕೆ ಪ್ಯಾರಿಸ್‌ನ ಒಪೆರಾ-ಕೊಮೀಕ್ ಥಿಯೇಟರಲ್ಲಿ ಮೊದಲ ಶೋ ಆಯ್ತು, ಅದೂ ವೆನಿಸ್ ಅಂಕಾನೇ ಕಿತ್ತಾಕಿ!

ಪರದೆಹಿಂದೆ:
ಮಾತಿನ ವಿಷಯ ಹೇಳ್ತೀನಿ. ಒಪೆರಾ ಕೊಮೀಕ್ ಅನ್ನೋ ಪ್ರಕಾರ ಅಂದ್ರೆ ನಗಿಸಲೇಬೇಕು ಅಂತೇನಿಲ್ಲ, ಹಾಡಿನ ಮಧ್ಯೆ ಮಾತಿರಬೇಕು ಅಷ್ಟೆ, ಸಂಗೀತಗಾರ ಬೀಜೆಯ ಒಪೆರಾ 'ಕಾರ್ಮೆನ್' ಕೂಡ ಮೂಲದಲ್ಲಿ ಅದೇ ಜಾತಿ. ಮಾತು ನಾಟಕ ಬರೆದವರದ್ದು, ಸಂಗೀತಗಾರನಿಗೆ ಅದರಲ್ಲಿ ಕೆಲಸ ಇಲ್ಲ, ಅದಕ್ಕೆ ಸ್ಕೋರಲ್ಲಿ, ಅಂದ್ರೆ ಸಂಗೀತ ಬರೆದ ಪ್ರತೀಲಿ, ಇರಲ್ಲ. ಹೆಚ್ಚಂದ್ರೆ ಹಾಡಿಗೆ ಮುಂಚಿನ ಕೊನೇ ಮಾತನ್ನ ಮಾತ್ರ ಬರ್ದಿರ್ತಾರೆ, ಕಂಡಕ್ಟರ್ ಕೋಲು ಎತ್ತೋಕೆ ಸೂಚನೆ ಬೇಕಲ್ಲ. 'ರೆಪ್ಲೀಕ್' ಅಂತ ಕಂಡ್ರೆ ಅದೇ. ಮಾತು ಬೇಕಿದ್ರೆ ಸೆನ್ಸಾರ್‌ಗೆ ಕೊಟ್ಟ ಪ್ರತಿ ಹುಡುಕಿ, ಆಗ ಶೋಗೆ ಮುಂಚೆ ಸ್ಕ್ರಿಪ್ಟ್ ಸರ್ಕಾರಕ್ಕೆ ತೋರಿಸ್ಬೇಕಿತ್ತು, ಅಂಥವು ಎಷ್ಟೋ ಪ್ಯಾರಿಸ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳ್ಕೊಂಡಿವೆ.
ನೀಲಿ ಪೆನ್ಸಿಲ್ ನೋಡಿ ಬೇಜಾರಾಗ್ಬೇಡಿ, ಅದು ಥಿಯೇಟರ್‌ನವರ ಕೈ. ಹೊಡೆದಾಕಿದ್ದನ್ನೂ ಸೇರಿಸಿ ಓದಿ.

ಹಳೇಸ್ಕೋರ್:
ಅಷ್ಟು ಸಲೀಸಾಗಿ ಹೇಳೋಕಾಗಲ್ಲ ಸರ್. 1964ರಲ್ಲಿ ಸಂಪಾದಕ ಫ್ರಿಟ್ಸ್ ಓಜರ್ 'ಕಾರ್ಮೆನ್' ಎಡಿಶನ್ ತಂದಾಗ ಕಟ್ ಆಗಿದ್ದನ್ನೆಲ್ಲ ಗುಡ್ಡೆ ಹಾಕಿ ವಾಪಸ್ ಸೇರಿಸಿದ್ರು, ಆಮೇಲೆ ಸರಿಯಾಗಿ ಬೈಸ್ಕೊಂಡ್ರು, ಯಾಕಂದ್ರೆ ಅದರಲ್ಲಿ ಎಷ್ಟೋ ಜಾಗ ರಿಹರ್ಸಲಲ್ಲಿ ಬೀಜೆ ತಾನೇ ಬೇಡ ಅಂತ ತೆಗೆದಿದ್ದು. ಪೆನ್ಸಿಲ್ ಬಣ್ಣ ನೋಡಿ ಕೈ ಯಾರದ್ದು ಅಂತ ತೀರ್ಮಾನ ಮಾಡೋಕಾಗಲ್ಲ. ಕಟ್ ಆದ್ಮೇಲೆ ಆಚೆ ಈಚೆ ಜೋಡಿಸೋಕೆ ಆಫೆನ್‌ಬಾಖ್ ಹೊಸದಾಗಿ ಎರಡು ಬಾರ್ (ಗೆರೆ ಹಾಕಿ ಭಾಗ ಮಾಡಿದ ಸಂಗೀತದ ತುಂಡು) ಬರ್ದಿದಾನಾ ನೋಡಿ, ಅವನದೇ ಅಕ್ಷರದಲ್ಲಿ ಇದ್ರೆ ಕಟ್‌ಗೆ ಅವನು ಒಪ್ಪಿದ್ದ ಅಂತ ಲೆಕ್ಕ. ಮನಸ್ಸಲ್ಲಿ ಬೈಕೊಂಡು ಒಪ್ಪಿದ್ನೋ ಏನೋ, ಅದು ಬೇರೆ!

ಪರದೆಹಿಂದೆ:
ಸರಿ, ಒಪ್ದೆ. ನಾನು ಸ್ವಲ್ಪ ಜಾಸ್ತಿ ಹೇಳ್ಬಿಟ್ಟೆ.

ಪಿಟೀಲು_ಪ್ರಾಕ್ಟೀಸ್:
ಈಗ ಅರ್ಥ ಆಯ್ತು, ಥ್ಯಾಂಕ್ಸ್. ಒಂದು ಕಟ್ ಹತ್ರ ಎರಡು ಬಾರ್ ಒತ್ತೊತ್ತಾಗಿ ತುರುಕಿದಾನೆ, ಶಾಯಿ ಬೇರೆ, ಅಕ್ಷರ ಮಾತ್ರ ಅವನದ್ದೇ ತರ ಇದೆ. ಆ ಚೀಟಿ ಅಂಚಲ್ಲಿ ಎರಡು ಸ್ವರದ ಬಾಲ ಇಣುಕ್ತಿದೆ, ಅಡಿಯಲ್ಲಿ ಏನಿರ್ಬಹುದು ಅಂತ ಹೊಟ್ಟೆ ಉರೀತಿದೆ.

ಹಳೇಸ್ಕೋರ್:
ಮುಂದಿನ ಇಮೇಜ್ ಒತ್ತಿ. ಚೀಟಿ ಬರೀ ಒಂದು ಅಂಚಿಗೆ ಅಂಟಿದ್ರೆ ಲೈಬ್ರರಿಯವರು ಮುಚ್ಚಿ ಒಂದು, ಎತ್ತಿ ಒಂದು ಅಂತ ಎರಡು ಸಲ ಫೋಟೋ ತೆಗ್ದಿರ್ತಾರೆ.

ಪಿಟೀಲು_ಪ್ರಾಕ್ಟೀಸ್:
ಅಯ್ಯೋ ಹೌದು! ಅದೇ ಪುಟ ಎರಡು ಸಲ ಬಂದಿದೆ ಅಂತ ನಾನು ಸ್ಕಿಪ್ ಮಾಡಿದ್ದೆ. ಅಡಿಯಲ್ಲಿ ಇರೋದೂ ಅದೇ ಮಟ್ಟು, ಕೊನೇಲಿ ಮಾತ್ರ ಮೇಲಿನ ಸ್ವರಕ್ಕೆ ಹತ್ತುತ್ತೆ, ಚೀಟೀಲಿ ಅದನ್ನ ಕೆಳಗಿಳಿಸಿದಾನೆ.