ಪುಟ್ಟನ ಸ್ಪ್ಲೆಂಡರ್ ಹೊಗೆಗೆ ದೊಡ್ಡಪ್ಪನ ವಾಯ್ಸ್

ಹಲೋ… ಹಾಂ, ರೆಕಾರ್ಡ್ ಆಗ್ತಾ ಉಂಟು. ಪುಟ್ಟ, ದೊಡ್ಡಪ್ಪ ಮಾತಾಡುದು. ಟೈಪ್ ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ. ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದು ಈಗ ನೋಡಿದ್ದು. ಸ್ಪ್ಲೆಂಡರ್ ಹೊಗೆ ಕಾರ್ತಾ ಉಂಟು, ಗ್ಯಾರೇಜಿನವ ಪಿಸ್ಟನ್ ರಿಂಗ್, ಅಂದ್ರೆ ಆಯಿಲ್ ಮೇಲೆ ಬಾರದ ಹಾಗೆ ಪಿಸ್ಟನ್ನಿಗೆ ಹಾಕುವ ಬಳೆ, ಹೋಗಿದೆ, ಇಂಜಿನ್ ಬಿಚ್ಬೇಕು, 9 ಸಾವಿರ ಆಗ್ತದೆ ಅಂದ, ಮಾಡಿಸುದಾ ಮಾರುದಾ ಅಂತ ಕೇಳಿದ್ದಿ. ಅದಕ್ಕೆ ಏಳು ಜನ ಕೈ ಮುಗಿದ ಚಿತ್ರ ಹಾಕಿದ್ದಾರೆ. ಕೈ ಮುಗಿದ್ರೆ ಹೊಗೆ ನಿಲ್ತದಾ?

ನೋಡು, ಕಂಪ್ರೆಷನ್ ಗೇಜ್ ಅಂತ ಉಂಟು, ಇಂಜಿನ್ ಒಳಗಿನ ಒತ್ತಡ ಅಳೆಯುವ ಮೀಟರ್, ಅದನ್ನು ಹಾಕಿ ನೋಡದೆ ಇಂಜಿನ್ ಬಿಚ್ಲಿಕ್ಕೆ ಬಿಡ್ಬೇಡ. ಬಿಚ್ಚಿದ ಮೇಲೆ ನಮ್ಮ ಕೈಯಲ್ಲಿ ಎಂತದೂ ಇರುದಿಲ್ಲ.

ನನ್ನ ಹೀರೋ ಹೋಂಡಾ ಸಿಡಿ ಹಂಡ್ರೆಡ್ ಬೈಕ್ ನಿನಗೆ ನೆನಪಿರ್ಲಿಕ್ಕಿಲ್ಲ, ಉಳಿದವರಿಗೆಲ್ಲ ಗೊತ್ತುಂಟು. 1988ರದ್ದು. ಬ್ರಹ್ಮಾವರ, ಬಾರ್ಕೂರು, ಮಂದಾರ್ತಿ ಅಂತ ದಿನಾ ಅದರಲ್ಲೇ ಪಿಗ್ಮಿ ಕಲೆಕ್ಷನ್. 1997ರ ಆಟಿ ತಿಂಗಳು, ಜೋರು ಮಳೆಗಾಲ. ಬೆಳಿಗ್ಗೆ ಕಿಕ್ ಹೊಡೆದ ಕೂಡ್ಲೇ ಬುಸ್ಸಂತ ನೀಲಿ ಹೊಗೆ. ನಿನ್ನ ಅಜ್ಜಿ ತುಳಸಿಗೆ ನೀರು ಹಾಕ್ತಾ ಇದ್ದವರು ಸೆರಗು ಮೂಗಿಗೆ ಹಿಡ್ಕೊಂಡು, "ಅದನ್ನು ಆಚೆ ಕೊಂಡೋಗು" ಅಂತ ದಿನಾ ಬೈಯುದು. ಎರಡು ನಿಮಿಷ ಆದ್ರೆ ಹೊಗೆ ಇಲ್ಲ. ಮತ್ತೆ ಇಳಿಜಾರಲ್ಲಿ ಎಕ್ಸಲೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಪುನಃ ಕೊಡುವಾಗ ಒಂದು ಮುದ್ದೆ ಹೊಗೆ. ಅಷ್ಟೇ.

ನಮ್ಮ ಹತ್ತಿರದ ಮೆಕ್ಯಾನಿಕ್‌ಗೆ ತೋರ್ಸಿದೆ. ಹೆಸರು ಹೇಳುದಿಲ್ಲ, ಅವನ ಮಗ ನಮ್ಮ ಮನೆ ಮದುವೆಗೆಲ್ಲ ಬರ್ತಾನೆ. ಸೈಲೆನ್ಸರ್ ಒಳಗೆ ಬೆರಳು ಹಾಕಿದ, ಕಪ್ಪಾದ ಬೆರಳನ್ನು ನನ್ನ ಮೂಗಿನ ಹತ್ರ ತಂದ, "ರಿಂಗ್" ಅಂದ. ಅಷ್ಟೇ ಪರೀಕ್ಷೆ! ಮಧ್ಯಾಹ್ನದ ಊಟಕ್ಕಾಗುವಾಗ ನನ್ನ ಇಂಜಿನ್ ಗೋಣಿ ಮೇಲೆ ಬಿದ್ದಿತ್ತು. ಬೋರ್, ಅಂದ್ರೆ ಪಿಸ್ಟನ್ ಓಡುವ ಕೊಳವೆ, ಕೊರೆದು ದೊಡ್ಡ ಮಾಡ್ಲಿಕ್ಕೆ ಉಡುಪಿಗೆ ಲೇತಿಗೆ ಹೋಯ್ತು, ಅದಕ್ಕೆ 0.25 ಎಂಎಂ ಓವರ್‌ಸೈಜ್ ಪಿಸ್ಟನ್, ಹೊಸ ರಿಂಗ್. ಎಂಟು ದಿವಸ ನಾನು ಚಿಲ್ಲರೆ ಚೀಲ, ಕೊಡೆ ಹಿಡ್ಕೊಂಡು ಬಸ್ಸಲ್ಲಿ ಪಿಗ್ಮಿ ಮಾಡಿದ್ದು. ಗಾಡಿ ಬಂತು, 500 ಕಿಲೋಮೀಟರ್ ತನಕ 40ರ ಮೇಲೆ ಹೋಗ್ಬಾರ್ದು ಅಂದ. ಬಾರ್ಕೂರು ರಸ್ತೆಯಲ್ಲಿ ಲೂನಾ ಮೊಪೆಡ್ಡಿನಲ್ಲಿ ಮೀನು ಮಾರುವವ ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿದ, ಪುಟ್ಟ. ಬುಟ್ಟಿಯಲ್ಲಿ ಬಂಗುಡೆ ತುಂಬಿಸ್ಕೊಂಡು!

ಇರ್ಲಿ. ಮರುದಿನ ಬೆಳಿಗ್ಗೆ ಕಿಕ್ ಹೊಡೆದೆ. ಅದೇ ಹೊಗೆ. ಅಜ್ಜಿ ಅದೇ ಸೆರಗು. ನಾನು ಹಾಗೇ ಜಗಲಿಯಲ್ಲಿ ಕೂತೆ.

ಬಾರ್ಕೂರಲ್ಲಿ ಒಬ್ಬರು ಹಳಬರಿದ್ರು. ಸ್ಪಾನರ್ ಮುಟ್ಲಿಲ್ಲ ಅವರು. "ಹೊಗೆ ಯಾವಾಗ ಬರುದು?" ಇಷ್ಟೇ ಕೇಳಿದ್ದು. ಹೇಳಿದೆ. "ಅದು ರಿಂಗ್ ಅಲ್ಲ, ವಾಲ್ವ್ ಸೀಲ್" ಅಂದ್ರು. ವಾಲ್ವ್ ಅಂದ್ರೆ ಇಂಜಿನ್ನಿಗೆ ಗಾಳಿ ಬರುವ, ಹೊಗೆ ಹೋಗುವ ಬಾಗಿಲು, ಅದರ ಕಡ್ಡಿಯಲ್ಲಿ ಆಯಿಲ್ ಇಳಿಯದ ಹಾಗೆ ಹಾಕುದು ಸೀಲ್. ರಿಂಗ್ ಸವೆದ್ರೆ ಗಾಡಿ ಎಳೆಯುವಾಗ ಹೊಗೆ ಬರುದು, ಏರಲ್ಲಿ, ಲೋಡಲ್ಲಿ, ಇಂಜಿನ್ ಬಿಸಿಯಾದ ಮೇಲೂ ಬಿಡದೆ ಬರುದು. ಸೀಲ್ ಗಟ್ಟಿಯಾದ್ರೆ ರಾತ್ರಿಯೆಲ್ಲ ಆಯಿಲ್ ವಾಲ್ವಿನ ಕಡ್ಡಿ ಹಿಡಿದು ತೊಟ್ಟು ತೊಟ್ಟು ಇಳಿದು ಕೂತಿರ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಉರಿದು ಮುಗೀತದೆ. ಎಕ್ಸಲೇಟರ್ ಮುಚ್ಚಿದಾಗ ಒಳಗೆ ಎಳೆತ ಜಾಸ್ತಿ, ಆಗಲೂ ಹೀರ್ತದೆ. ಉಗುರಿನಷ್ಟು ದೊಡ್ಡ ರಬ್ಬರು ಮಾರಾಯ! ವಾಲ್ವ್ ಇರುವ ಭಾಗ, ಹೆಡ್, ಅದನ್ನು ಬಿಚ್ಚಿದ ಪುಣ್ಯಾತ್ಮ ಸೀಲ್ ಉಂಟಲ್ಲ, ಅದನ್ನು ಕೈಯಲ್ಲಿ ಹಿಡಿದು, ತಿರುಗಿ ಅದನ್ನೇ ಹಾಕಿದ್ದಾನೆ. ಒಳ್ಳೆ ಬೋರನ್ನು ಸುಮ್ಮನೆ ಕೊರೆದಾಯ್ತು.

ಅದಕ್ಕೇ ಪುನಃ ಹೇಳುದು, ಗೇಜ್ ಹಾಕಿ ನೋಡದೆ ಬಿಚ್ಲಿಕ್ಕೆ ಬಿಡ್ಬೇಡ. ಬೆರಳು ಕಪ್ಪಾಯ್ತು ಅಂತ ಹೇಳಿದ್ರೆ, ಎಲ್ಲಾ ಸೈಲೆನ್ಸರಲ್ಲೂ ಬೆರಳು ಕಪ್ಪಾಗ್ತದೆ ಅಂತ ಹೇಳು.

ಆಮೇಲೆ ನಾನೇ ಮಂಗಳೂರು ಬಂದರಿಗೆ ಹೋಗಿ ಒಂದು ಕಂಪ್ರೆಷನ್ ಗೇಜ್ ತಂದೆ. ಪೆಟ್ಟಿಗೆ ಸಮೇತ. ಅದು ಈಗ ಇದ್ದಿದ್ರೆ ನಾನೇ ಬಂದು ನೋಡ್ತಿದ್ದೆ. ಎಲ್ಲಿ ಹೋಯ್ತು ಅಂತ ನಿನ್ನ ಅಪ್ಪನತ್ರ ಕೇಳು, ಅವನೂ ಈ ಗ್ರೂಪಲ್ಲಿದ್ದಾನಲ್ಲ. 2011ರಲ್ಲಿ ನಾನು ಹರ್ನಿಯಾ ಆಪರೇಷನ್ ಆಗಿ ಮಲಗಿದ್ದೆ. ಅಂಗಳದಲ್ಲಿ ಜಾಗ ಇಲ್ಲ ಅಂತ ಸಿಡಿ ಹಂಡ್ರೆಡನ್ನು ಗುಜರಿಯವನಿಗೆ ಮೂರೂವರೆ ಸಾವಿರಕ್ಕೆ ಕೊಟ್ಟ. ಸೈಡ್ ಬಾಕ್ಸ್ ಬೀಗವನ್ನೂ ತೆಗೀಲಿಲ್ಲ. ಗೇಜ್, ಫೀಲರ್ ಗೇಜ್, ಪ್ಲಗ್ ಸ್ಪಾನರ್ ಎಲ್ಲ ಅದರೊಳಗೇ. ಒಂದು ಫೋನು ಮಾಡ್ಬಹುದಿತ್ತು. ನಾನು ಹೊಟ್ಟೆಗೆ ಹೊಲಿಗೆ ಹಾಕಿಸ್ಕೊಂಡದ್ದು, ಬಾಯಿಗಲ್ಲ. ಆ ಜಾಗದಲ್ಲಿ ಈಗ ಎಂತ ಉಂಟು? ಒಣಗಿದ ತೆಂಗಿನ ಮಡಲಿನ ರಾಶಿ. ಅದಕ್ಕೆ ಜಾಗ ಉಂಟು. ಹದಿನೈದು ವರ್ಷ ಈ ಮನೆಗೆ ಅಕ್ಕಿ ಹೊತ್ತ ಗಾಡಿಗೆ ಜಾಗ ಇಲ್ಲ. ಭಾವನೂ ಅಲ್ಲೇ ಇದ್ರಂತೆ ಆಗ, ಅವರೂ ಒಂದು ಮಾತು… ಇರ್ಲಿ, ಬಿಡು.

ಎಂತ ಹೇಳ್ತಾ ಇದ್ದೆ? ಹಾಂ, ನಿನ್ನ ಗಾಡಿ.

ಮೊದ್ಲು ಹೊಗೆ ಬಣ್ಣ ನೋಡು. ಈ ಮಳೆಗೆ ಬೆಳಿಗ್ಗೆ ಬಿಳಿಯಾಗಿ ಬಂದು ಹಾಗೇ ಕರಗಿ ಹೋಗುದು ನೀರಿನ ಹಬೆ, ಅದಕ್ಕೆ ತಲೆ ಬಿಸಿ ಬೇಡ. ಕಪ್ಪಾದ್ರೆ ಪೆಟ್ರೋಲ್ ಜಾಸ್ತಿ, ಕಾರ್ಬ್ಯುರೇಟರ್, ಏರ್ ಫಿಲ್ಟರ್ ನೋಡ್ಬೇಕು. ನೀಲಿ, ಸುಟ್ಟ ಎಣ್ಣೆ ವಾಸನೆ ಆದ್ರೆ ಮಾತ್ರ ನಮ್ಮ ಲೆಕ್ಕ. ಕಳೆದ ತಿಂಗಳು ಆಯಿಲ್ ಹಾಕಿಸಿದ್ದಿ ಅಲ್ವಾ? ಗಾಡಿಯನ್ನು ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಡಿಪ್‌ಸ್ಟಿಕ್, ಆಯಿಲ್ ಅಳೆಯುವ ಕಡ್ಡಿ, ಅದನ್ನು ಒರೆಸಿ, ತಿರುಗಿಸ್ಬೇಡ, ಸುಮ್ಮನೆ ಇಟ್ಟು ತೆಗೆದು ನೋಡು. ಮೇಲಿನ ಗೆರೆ ದಾಟಿದ್ರೆ, ಆಯಿಲ್ ಹಾಕಿದವ ಡಬ್ಬಿ ಪೂರ್ತಿ ಕವುಚಿದ್ದಾನೆ. ಹೆಚ್ಚಾದದ್ದು ಬ್ರೀದರ್ ಪೈಪಿನಲ್ಲಿ, ಇಂಜಿನ್ ಉಸಿರು ಬಿಡುವ ಪೈಪು ಅದು, ಮೇಲೆ ಬಂದು ಗಾಳಿ ಜೊತೆ ಇಂಜಿನ್ ಒಳಗೆ ಹೋಗಿ ಉರೀತದೆ. ಅಷ್ಟು ತೆಗೆದ್ರೆ ಹೊಗೆಯೂ ಹೋಗ್ಬಹುದು, 9 ಸಾವಿರವೂ ಉಳಿಯಬಹುದು.

ಅದಲ್ಲದಿದ್ರೆ ಗೇಜ್. ಇಂಜಿನ್ ಬಿಸಿ ಇರುವಾಗ ಪ್ಲಗ್ ತೆಗೆದು, ಕೀ ಆಫ್ ಮಾಡಿ, ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುದು ನಿಲ್ಲುವ ತನಕ ಕಿಕ್ ಹೊಡೀಬೇಕು. ಬರ್ಕೊ. ಮತ್ತೆ ಪ್ಲಗ್ಗಿನ ತೂತಿಗೆ ಸಿರಿಂಜಲ್ಲಿ 5 ಎಂಎಲ್ ಇಂಜಿನ್ ಆಯಿಲ್. ಸ್ಪ್ಲೆಂಡರಿನ ಸಿಲಿಂಡರ್ ಮಲಗಿದ್ದು, ಎಣ್ಣೆ ಕೆಳಗೇ ಕೂರ್ತದೆ, ಹಾಗಾಗಿ ನಾಲ್ಕೈದು ಸರ್ತಿ ಮೆಲ್ಲ ಕಿಕ್ ಒತ್ತಿ ಹರಡಿಸಿ, ಪುನಃ ನೋಡು. ಮುಳ್ಳು ಚೆನ್ನಾಗಿ ಮೇಲೆ ಹೋದ್ರೆ ಸವೆದದ್ದು ರಿಂಗೋ ಬೋರೋ. ಮೊದ್ಲೂ ಕಮ್ಮಿ, ಆಮೇಲೂ ಕಮ್ಮಿ ಅಂತಾದ್ರೆ ವಾಲ್ವ್. ಮೊದ್ಲೇ ಸರಿ ಇದ್ರೆ ರಿಂಗ್ ಅಲ್ಲ, ನನ್ನ ಗಾಡಿಯ ಹಾಗೆ ವಾಲ್ವ್ ಸೀಲ್ ಇರ್ಬಹುದು. ಇದಾದ ಮೇಲೆ ಸ್ಟಾರ್ಟ್ ಮಾಡುವಾಗ ಸಮಾ ಹೊಗೆ ಬರ್ತದೆ, ಹಾಕಿದ ಎಣ್ಣೆ ಅದು, ಅದನ್ನು ಗ್ರೂಪಿಗೆ ಹಾಕ್ಬೇಡ. ರಿಂಗೇ ಅಂತಾದ್ರೆ ಬರೀ ರಿಂಗ್ ಹಾಕಿಸ್ಬೇಡ, ಬೋರ್ ಅಳೆಸು. ಬೋರ್ ಮೊಟ್ಟೆ ಆಕಾರಕ್ಕೆ ಸವೆದಿದ್ರೆ ಹೊಸ ರಿಂಗ್ ನಿಲ್ಲುದಿಲ್ಲ. ಹೆಡ್ ಹೇಗೂ ಬಿಚ್ತಾನಲ್ಲ, ಸೀಲ್ ಹೊಸತು ಹಾಕ್ಲಿ, ಹಳೇದನ್ನು ನಿನ್ನ ಕೈಗೆ ಕೊಡ್ಲಿ.

ಸಂತೆಕಟ್ಟೆಯಲ್ಲಿ ನನ್ನ ಪರಿಚಯದವನತ್ರ ಗೇಜ್ ಉಂಟು, ಆದಿತ್ಯವಾರ ಹೇಳಿಡ್ತೇನೆ. ಅದಕ್ಕಿಂತ ಮೊದ್ಲು ಒಂದು ಕೆಲಸ ಮಾಡು. ಇಂದ್ರಾಳಿಯಿಂದ ಮಣಿಪಾಲದ ಏರು ಹತ್ತಿಸಿ ನೋಡ್ಬೇಕು, ಲೋಡ್ ಹಾಕಿ. ನಿನ್ನ ಅಪ್ಪನನ್ನು ಹಿಂದೆ ಕೂರ್ಸು, ಲೋಡ್ ಸಾಕಾಗ್ತದೆ. ಹೊಗೆ ಬರ್ತದಾ ಅಂತ ಅವನೇ ತಿರುಗಿ ನೋಡ್ಲಿ. ಅಲ್ಲಿಂದ ಸೀದಾ ಇಲ್ಲಿಗೆ ಬನ್ನಿ ಇಬ್ರೂ. ನಾಲ್ಕರ ಒಳಗೆ ಬಂದ್ರೆ ಪತ್ರೊಡೆ ಬಿಸಿ ಇರ್ತದೆ.