ಸಹಾಯ ಬೇಕು: ಡೆಬಿಯನ್ ಪ್ಯಾಕೇಜಿನಾಗಿಂದ ಫಾಂಟ್ ತೆಗೆದ ಮ್ಯಾಲ ಟೆಸ್ಟ್ ಫೇಲ್

ನಮಸ್ಕಾರ್ರಿ, ಕಲಬುರಗಿಯಿಂದ. ಕನ್ನಡ ಅಕ್ಷರ ಕಾರ್ಡ್ ಮಾಡೋ ಸಣ್ಣ ಪೈಥಾನ್ ಪ್ರೋಗ್ರಾಮ್ ಒಂದನ್ನ ಲಿನಕ್ಸ್ ವ್ಯವಸ್ಥೆ ಡೆಬಿಯನ್‌ಗೆ ಪ್ಯಾಕೇಜ್ ಮಾಡಕತ್ತೀವಿ. ಐಟಿಪಿ ಬಗ್ (ಈ ಪ್ಯಾಕೇಜ್ ನಾವು ಮಾಡ್ತೀವಿ ಅನ್ನೋ ಸೂಚನೆ) ಹಾಕಿ ಆಗ್ಯದ, ಲೈಸೆನ್ಸಿನಾಗ ತಕರಾರಿಲ್ಲ.

ಮೂಲ ಟಾರ್‌ಬಾಲ್‌ನೊಳಗ (ಸೋರ್ಸ್ ಕೋಡಿನ ಗಂಟಿನಾಗ) ಲೋಹಿತ್ ಕನ್ನಡ ಟಿಟಿಎಫ್ ಫೈಲ್ ಹಂಗೇ ತುರುಕ್ಯಾರ. ಡೆಬಿಯನ್‌ನಾಗ ಫಾಂಟ್ಸ್-ಲೋಹಿತ್-ಕೆಎನ್‌ಡಿಎ ಅಂತ ಬ್ಯಾರೇ ಪ್ಯಾಕೇಜೇ ಅದ, ಇನ್ನೊಂದು ಪ್ರತಿ ಯಾಕ ಬೇಕು? ಕಾಪಿರೈಟ್ ಫೈಲಿನಾಗ ಫೈಲ್ಸ್-ಎಕ್ಸ್‌ಕ್ಲೂಡೆಡ್ ಅಂತ ಬಿಡಬೇಕಾದ ಫೈಲ್ ಬರೆದು, ಸೋರ್ಸ್ ಇಳಿಸೋ ಯೂಸ್ಕ್ಯಾನ್‌ದಿಂದ ಟಾರ್‌ಬಾಲ್ ಮತ್ತ ಕಟ್ಟೀವಿ. ತೆಗೆದದ್ದು ಬರೇ ನಕಲು, ಲೈಸೆನ್ಸ್ ದೋಷ ಅಲ್ಲ. ಅದಕ್ಕ ವರ್ಷನ್‌ಗೆ +ಡಿಎಸ್ ಹಚ್ಚೀವಿ, ಲೈಸೆನ್ಸ್ ದೋಷಕ್ಕ ಹಚ್ಚೋ +ಡಿಎಫ್‌ಎಸ್‌ಜಿ ಅಲ್ಲ. ಡಿಪೆಂಡ್ಸ್‌ಗೆ (ಪ್ರೋಗ್ರಾಮ್ ಓಡಾಕ ಬೇಕಾದ ಪ್ಯಾಕೇಜ್‌ಗಳ ಪಟ್ಟಿ) ಫಾಂಟ್ ಸೇರಿಸಿ, ಡೆಬಿಯನ್/ಲಿಂಕ್ಸ್ ಫೈಲಿನಾಗ ಸಿಮ್‌ಲಿಂಕ್ (ಬ್ಯಾರೇ ಕಡೆ ಇರೋ ಫೈಲ್ ತೋರಿಸೋ ಕೊಂಡಿ) ಕೊಟ್ಟೀವಿ.

ಆದ್ರ ಸ್ವಚ್ಛ ವಾತಾವರಣದಾಗ ಪ್ಯಾಕೇಜ್ ಕಟ್ಟೋ ಎಸ್‌ಬಿಲ್ಡ್‌ನಾಗ ಟೆಸ್ಟ್ ಬೀಳಕತ್ತದ, ಫಾಂಟ್ ಫೈಲ್ ಸಿಗವಲ್ದು ಅಂತದ. ಕಾರಣ ತಿಳೀತದ: ಟೆಸ್ಟ್ ಓಡಿಸೋ ಡಿಎಚ್_ಆಟೋ_ಟೆಸ್ಟ್ ಬಿಲ್ಡ್ ಆದ ಕೂಡಲೇ ಓಡ್ತದ, ಸಿಮ್‌ಲಿಂಕ್ ಹಾಕೋ ಡಿಎಚ್_ಲಿಂಕ್ ಬರೋದು ಎಷ್ಟೋ ಆಮ್ಯಾಲ. ಕಟ್ಟುವಾಗ ಬೇಕಾದ ಪ್ಯಾಕೇಜ್‌ಗಳ ಪಟ್ಟಿ ಬಿಲ್ಡ್-ಡಿಪೆಂಡ್ಸ್‌ಗೆ, ಟೆಸ್ಟ್ ಓಡಿಸುವಾಗಷ್ಟೇ ಬೇಕು ಅನ್ನೋ <!ನೋಚೆಕ್> ಹಚ್ಚಿ ಫಾಂಟ್ ಹಾಕಿದ್ರೂ ಅಷ್ಟೇ, ಟೆಸ್ಟ್ ಹುಡುಕೋದು ಪ್ರೋಗ್ರಾಮಿನ ಸ್ವಂತ ಫೋಲ್ಡರಿನಾಗ. ಟೆಸ್ಟ್ ಬಿಟ್ಟು ಕಟ್ಟಿದ್ರ ಪ್ಯಾಕೇಜ್ ಆಗ್ತದ, ಆದ್ರ ಅದು ಕಣ್ಣಿಗೆ ಮಣ್ಣೆರಚೋ ಕೆಲಸ.

ಈಗ ಎರಡು ದಾರಿ ಕಾಣ್ತಾವ. ಒಂದು, ಕ್ವಿಲ್ಟ್ ಪ್ಯಾಚ್ (ಮೂಲ ಕೋಡಿಗೆ ಮಾಡೋ ತಿದ್ದುಪಡಿ) ಹಾಕಿ ಫಾಂಟಿನ ದಾರಿ ಸಿಸ್ಟಮ್ ಫಾಂಟಿಗೆ ತಿರುಗಿಸಿ, ಅದನ್ನೇ ಅಪ್‌ಸ್ಟ್ರೀಮ್‌ಗೂ (ಪ್ರೋಗ್ರಾಮ್ ಬರೆದವರಿಗೆ) ಕಳಿಸೋದು. ಇನ್ನೊಂದು, ಪ್ಯಾಕೇಜ್ ಕಟ್ಟೋ ಹಂತ ಬರೆಯೋ ರೂಲ್ಸ್ ಫೈಲಿನಾಗ ಎಕ್ಸಿಕ್ಯೂಟ್_ಬಿಫೋರ್_ಡಿಎಚ್_ಆಟೋ_ಟೆಸ್ಟ್ ಬರೆದು, ಪೈಥಾನ್ ಪ್ರೋಗ್ರಾಮ್ ಕಟ್ಟೋ ಪೈಬಿಲ್ಡ್ ಫೋಲ್ಡರಿಗೆ ತಾತ್ಕಾಲಿಕ ಸಿಮ್‌ಲಿಂಕ್ ಹಾಕೋದು.

ನಮ್ಮ ಪ್ಯಾಕೇಜ್ ನೋಡಿ ಡೆಬಿಯನ್‌ಗೆ ಏರಿಸೋ ಸ್ಪಾನ್ಸರ್ ಒಪ್ಪೋದು ಯಾವುದನ್ನ? ಎರಡನೇದಾದ್ರ ಆ ಸಿಮ್‌ಲಿಂಕ್ ಇನ್‌ಸ್ಟಾಲ್ ಹಂತದಾಗ ಪ್ಯಾಕೇಜಿನೊಳಗ ನುಸುಳದಂಗ ಎಲ್ಲಿ ಅಳಿಸಬೇಕ್ರಿ?