ಸಹಾಯ ಬೇಕು: ನಮ್ಮ ಡೊಮೇನ್ (ಜಾಲತಾಣದ ವಿಳಾಸ) ಬೇರೆಯವರ ಹೆಸರಿನಲ್ಲಿದೆ

ನಮಸ್ಕಾರ. ಶಿರಸಿಯಲ್ಲಿ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಮನೆ ಉದ್ಯಮ. 4 ವರ್ಷಗಳ ಹಿಂದೆ ಜಾಲತಾಣ ಮಾಡಿಕೊಟ್ಟ ಹುಡುಗನೇ ಡಾಟ್ ಕಾಂ ಹೆಸರನ್ನೂ ನೋಂದಾಯಿಸಿದ್ದ. ದುಡ್ಡು ನನ್ನದು, ಖಾತೆ ಮತ್ತು ಇಮೇಲ್ ಅವನದು ಎಂಬುದು ಈಗ ತಿಳಿಯಿತು. ಆತ ಫೋನ್ ಎತ್ತುತ್ತಿಲ್ಲ. ಮೊನ್ನೆ ತಾಣ ತೆರೆದರೆ ಭರಣಿಯ ಚಿತ್ರವಿದ್ದ ಜಾಗದಲ್ಲಿ ಯಾರದೋ ಜಾಹೀರಾತು! ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಹೂಈಸ್‌ನಲ್ಲಿ ಹುಡುಕಿದೆ: ಅವಧಿ ಮುಗಿದು 12 ದಿನಗಳಾಗಿವೆ, ಮಾಲೀಕರ ಹೆಸರು ಮರೆಯಲ್ಲಿದೆ.

ಓದಿ ತಿಳಿದದ್ದು ಇಷ್ಟು: ನೋಂದಣಿ ಸಂಸ್ಥೆ ಹೆಸರನ್ನು ಅಳಿಸಿದರೂ 30 ದಿನ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು, ಆಮೇಲೆ 5 ದಿನ ಕಳೆದರೆ ಅದು ಯಾರ ಪಾಲಿಗೂ ಹೋಗಬಹುದು. ಆದರೆ ಆ ಹಕ್ಕು ಖಾತೆದಾರನದು, ನನ್ನದಲ್ಲ.

ಹಣ ಕಳುಹಿಸಿದ ಬ್ಯಾಂಕ್ ದಾಖಲೆ, ಜಿಎಸ್‌ಟಿ ಪತ್ರ ತೋರಿಸಿದರೆ ನೋಂದಣಿ ಸಂಸ್ಥೆ ಕೇಳುತ್ತದೆಯೇ? ಯಾರಾದರೂ ಹೀಗೆ ಗೆದ್ದಿದ್ದೀರಾ? ಅದೇ ಹೆಸರು ಡಾಟ್ ಇನ್‌ನಲ್ಲಿ ಖಾಲಿ ಇದೆ. ಇಂದೇ ನನ್ನ ಹೆಸರಿನಲ್ಲಿ ಕೊಳ್ಳುತ್ತಿದ್ದೇನೆ. ಕನ್ನಡ ಲಿಪಿಯ ಡಾಟ್ ಭಾರತ ಬಳಸುವವರಿದ್ದರೆ, ಅದರಲ್ಲಿ ಇಮೇಲ್ ಸರಿಯಾಗಿ ತಲುಪುತ್ತದೆಯೇ ತಿಳಿಸಿ. ಹಳೆಯ ವಿಳಾಸ ಅಚ್ಚಾದ 300 ಲೇಬಲ್‌ಗಳು ಇನ್ನೂ ಅಟ್ಟದ ಮೇಲಿವೆ.